ಮೀನಿಲ್ಲದ ಮನೆಯಿಂದ ಸೋರುತ್ತಿರುವ ನೀರು

ಇಂದ:
ಜುಲ್ಫಿಕರ ನದಾಫ, ಚಿತ್ರಕಲಾ ಶಿಕ್ಷಕ,
ಬಾಡಿಗೆದಾರ, ಮೇಲಿನ ಮಹಡಿ, ಸಿಂದಗಿ.

ಗೆ:
ಶ್ರೀ ಬಸಂತರಾಯ ಬಿರಾದಾರ, ನಿವೃತ್ತ ಶಿರಸ್ತೇದಾರರು,
ಮನೆಯ ಮಾಲಕರು, ಕೆಳಗಿನ ಮಹಡಿ, ಸಿಂದಗಿ.
ಸದ್ಯದ ಮುಕ್ಕಾಂ: ಮಗಳ ಮನೆ, ಬಸವನ ಬಾಗೇವಾಡಿ.

ವಿಷಯ: ಹರಿಯುತ್ತಿರುವ ನೀರನ್ನು ನಿಲ್ಲಿಸಲು ಅನುಮತಿ ಹಾಗೂ ಮೀನಿನ ತೊಟ್ಟಿಯನ್ನು ಮರಳಿ ಮನೆಯಲ್ಲಿ ಇಡಲು ಅಪ್ಪಣೆ ಕೋರಿ.

ಉಲ್ಲೇಖ: ೧. ತೊಟ್ಟಿ ತೆಗೆಯಬೇಕೆಂಬ ತಮ್ಮ ಲಿಖಿತ ಆದೇಶ.
೨. ತಾವು ಓದದೆ ಹಿಂತಿರುಗಿಸಿದ ಅರ್ಜಿದಾರನ ಹಿಂದಿನ ಅರ್ಜಿ.
೩. "ಏನಿದ್ರೂ ಬರದ ಕೊಡ್ರಿ" ಎಂಬ ತಮ್ಮ ನಿತ್ಯದ ಅಪ್ಪಣೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ಅರ್ಜಿದಾರನು ಮೊದಲಿಗೇ ತಮ್ಮ ಗಮನಕ್ಕೆ ತರುವುದೇನೆಂದರೆ, ಈ ಅರ್ಜಿಯಲ್ಲಿ ಅರ್ಜಿದಾರನು ತನ್ನನ್ನು ಎಲ್ಲಿಯೂ 'ನಾನು' ಎಂದು ಕರೆದುಕೊಂಡಿಲ್ಲ. ಹಿಂದಿನ ಅರ್ಜಿಯಲ್ಲಿ ಹಾಗೆ ಬರೆದದ್ದಕ್ಕೆ ತಾವು ಮೊದಲ ಸಾಲಿಗೇ ಕನ್ನಡಕ ತೆಗೆದಿಟ್ಟು, "ಅರ್ಜಿಯೊಳಗ ನಾನು ಅಂದ್ರ ಸೊಕ್ಕ ಆಗ್ತೈತ್ರಿ ಮಾಸ್ತರ್ರ. ಅರ್ಜಿದಾರ ಅಂತ ತಿದ್ದಿ ತರ್ರಿ" ಎಂದು ಹಿಂತಿರುಗಿಸಿದಿರಿ. ಕಾರಣ ಈ ಸಲ ಸೊಕ್ಕನ್ನು ಪೂರ್ತಿ ತೆಗೆದುಹಾಕಲಾಗಿದೆ.

೧. ಸರಕಾರ ತಮ್ಮನ್ನು ಮನೆಗೆ ಕಳಿಸಿತು, ತಾವು ಬರುವಾಗ ಕಚೇರಿಯನ್ನೇ ಬಗಲಲ್ಲಿ ಇಟ್ಟುಕೊಂಡು ಬಂದಿರಿ. ಈ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಅರ್ಜಿ, ಮಾಳಿಗೆಯ ಮೇಲೆ ಶಾವಿಗೆ ಒಣಹಾಕಲು ಅರ್ಜಿ, ಬೀಗರು ಬಂದು ವಸ್ತಿ ಇದ್ದರೆ ಅದಕ್ಕೊಂದು ಅರ್ಜಿ. ಮನೆಯಲ್ಲಿ ಮೀನು ಮಾಂಸ ಬೇಯಿಸಬಾರದೆಂಬ ತಮ್ಮ ಕರಾರನ್ನು ಅರ್ಜಿದಾರನು ಇಂದಿನವರೆಗೂ ಪಾಲಿಸಿದ್ದಾನೆ. ಆಶೆಯಾದಾಗ ಭೀಮಾ ದಂಡೆಯ ದೇವಣಗಾಂವಕ್ಕೆ ಹೋಗಿ, ತಂಗಿ ಸುಗ್ರಾಳ ಮನೆಯಲ್ಲಿ ಉಂಡು, ಕೈ ತೊಳೆದುಕೊಂಡು ಬಂದಿದ್ದಾನೆ.

೨. ಅರ್ಜಿದಾರನ ತಾಯಿ ಪೀರಬಿ ಭೀಮಾ ನದಿಯ ದಂಡೆಯಲ್ಲಿ ಬಾಳಿದವಳು. ಗಂಡ ತೀರಿದ ಮೇಲೆ ಮಗನ ಹಟಕ್ಕೆ ಸಿಂದಗಿಗೆ ಬಂದಳು. ಬಂದವಳು ಗೋಡೆ ನೋಡುತ್ತ ಕೂತಳು. ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದಳು, ಕೇಳಿದರೆ "ಹಸಿವಿಲ್ಲಪಾ" ಎನ್ನುತ್ತಿದ್ದಳು. ಕಾರಣ ಅರ್ಜಿದಾರನು ಬಿಜಾಪುರದಿಂದ ಗಾಜಿನ ತೊಟ್ಟಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಅದರಲ್ಲಿ ಕೆಂಪು ಮೀನು ಬಿಟ್ಟು ಅವಳ ಮುಂದೆ ಇಟ್ಟನು. ಅವಳು ಅವಕ್ಕೆ ಕಾಳು ಹಾಕುತ್ತ ತಾನೂ ಉಣ್ಣತೊಡಗಿದಳು. "ನೀರ ಕಣ್ಣಿಗಿ ಬಿದ್ದ ಮ್ಯಾಲ ಜೀವ ತಣ್ಣಗಾತ ನೋಡು" ಎಂದಳು. ಆ ದಿನ ಅರ್ಜಿದಾರನಿಗೆ ಆದ ಸಂತೋಷವನ್ನು ಬರೆಯಲು ಅರ್ಜಿಯ ನಮೂನೆಯಲ್ಲಿ ಜಾಗವಿಲ್ಲ.

ತೊಟ್ಟಿಗೂ ಮುಂಚಿತವಾಗಿ ಅರ್ಜಿ ಕೊಡಲಾಗಿತ್ತು. ತಾವು ಮೆಟ್ಟಿಲೇರಿ ಬಂದು, ಮೀನುಗಳನ್ನು ಬಹಳ ಹೊತ್ತು ದಿಟ್ಟಿಸಿ, "ಇವು ತಿನ್ನೂವಲ್ಲ ಹೌದಲ್ರಿ?" ಎಂದಿರಿ. "ಅಲ್ರೀ, ನೋಡೂವು" ಎಂದು ಅರ್ಜಿದಾರನು ಹೇಳಿದನು. ತಾವು ಅದನ್ನೂ ಬರೆಸಿಕೊಂಡಿರಿ.

೩. ತಮ್ಮ ಛತ್ತಿಗೆ ಹನಿ ನೀರು ಇಳಿಯಬಾರದೆಂದು ಅರ್ಜಿದಾರನು ಪಟ್ಟ ಪಾಡನ್ನು ತಾಯಿಯೂ ಕೂಸಿಗಾಗಿ ಪಟ್ಟಿರಲಿಕ್ಕಿಲ್ಲ. ತೊಟ್ಟಿಯ ಕಬ್ಬಿಣದ ಸ್ಟ್ಯಾಂಡನ್ನು ನಡುಮನೆಯಲ್ಲಿ ಇಡದೆ, ಭಾರ ತಡೆಯಲೆಂದು ತೊಲೆಯಿದ್ದ ಗೋಡೆಗೆ ಹತ್ತಿಸಿ ಇಟ್ಟನು. ತೊಟ್ಟಿಯ ತಳಕ್ಕೆ ಥರ್ಮಾಕೋಲ್, ಸ್ಟ್ಯಾಂಡಿನ ಕೆಳಗೆ ಅಂಚಿದ್ದ ತಗಡಿನ ಪರಾತ, ಅದರ ಕೆಳಗೆ ತಾಡಪತ್ರಿ ಹಾಸಿದನು. ಗಾಳಿಯ ಯಂತ್ರವನ್ನು ನೀರಿಗಿಂತ ಎತ್ತರಕ್ಕೆ ತೂಗುಹಾಕಿದನು, ಇಲ್ಲದಿದ್ದರೆ ಕರೆಂಟು ಹೋದಾಗ ನೀರು ಕೊಳವೆಗುಂಟ ಹಿಂದಕ್ಕೆ ಬರುತ್ತದೆ. ನೀರು ಬದಲಿಸುವಾಗ ಮಗ್ಗಿನಲ್ಲಿ ತೋಡದೆ ನಳಿಕೆಯಿಂದ ಬಕೆಟ್ಟಿಗೆ ಇಳಿಸಿದನು. ಆ ಹಳೆಯ ನೀರನ್ನೂ ಚೆಲ್ಲದೆ ತಮ್ಮ ಮನೆಯವರಾದ ಹೊನ್ನವ್ವನವರ ಮಲ್ಲಿಗೆ ಬಳ್ಳಿಗೆ ಹಾಕಿದನು. "ಮೀನಿನ ನೀರಿಗಿ ಹೆಂಗ ಹೂ ಬಿಟ್ಟೈತಿ ನೋಡ್ರಿ ಮಾಸ್ತರ್ರ" ಎಂದು ಅವರು ಹೇಳಿದ್ದು ಬಾಯಿಮಾತು. ಆದ್ದರಿಂದ ತಮ್ಮ ಲೆಕ್ಕದಲ್ಲಿ ಅದು ಹೇಳಿದಂತಲ್ಲ.

೪. ಇನ್ನು ನಳದ ಸಂಗತಿ. ಈ ಊರಿನಲ್ಲಿ ನಳದ ನೀರು ಕೆಲವು ದಿನಕ್ಕೊಮ್ಮೆ, ತನ್ನ ಮನಸ್ಸಿಗೆ ಬಂದಾಗ ಬರುತ್ತದೆ. ಕಾರಣ ಊರ ಮಂದಿಯೆಲ್ಲ ನಳ ತೆರೆದಿಟ್ಟು, ಕೆಳಗೆ ಖಾಲಿ ಕೊಡ ಇಟ್ಟು, ನೀರು ಬಿದ್ದ ಸಪ್ಪಳಕ್ಕೆ ಎದ್ದು ಓಡುತ್ತಾರೆ. ತಾವು ಮೇಲಿನ ಮಹಡಿಯಲ್ಲಿ, ಅರ್ಜಿದಾರನ ಪಕ್ಕದ ಕೋಣೆಯೊಂದನ್ನು ತಮಗೆಂದು ಇಟ್ಟುಕೊಂಡು ಬೀಗ ಹಾಕಿದ್ದೀರಿ. ಅಲ್ಲಿಯೂ ಒಂದು ನಳ, ಒಂದು ಕೊಡ. ಹೆಗ್ಗಣ ಬರುತ್ತವೆಂದು ಅಲ್ಲಿಯ ಬಚ್ಚಲ ತೂತಿಗೆ ಗೋಣಿ ತಟ್ಟು ತುರುಕಿದವರೂ ತಾವೇ. ತಾವು ಊರಲ್ಲಿದ್ದರೆ ಈ ಏರ್ಪಾಡು ಬಂಗಾರದಂಥದ್ದು. ಆದರೆ ಹೋದ ಸಲ ಹೊನ್ನವ್ವನವರ ಜೊತೆ ಮಗಳ ಮನೆಗೆ ಹೊರಟಾಗ ತಾವು ಬೀಗ ಜಗ್ಗಿ ನೋಡಿದಿರೇ ಹೊರತು ನಳ ಬಂದ್ ಮಾಡಲಿಲ್ಲ.

ತಾವು ತಿರುಗಿ ಬಂದಾಗ ತಮ್ಮ ಆರಾಮ ಕುರ್ಚಿಯ ಮೇಲಿನ ಛತ್ತಿನಲ್ಲಿ ಹಸಿ ಕಲೆ ಎದ್ದಿತ್ತು. ತಾಯಿ ಪೀರಬಿ ಮೆಟ್ಟಿಲ ಮೇಲೆ ನಿಂತು, "ಸಾಹೇಬ್ರ, ನಿಮ್ಮ ಖೋಲ್ಯಾಗ ಕೊಡ ತುಂಬಿ ನೀರ ಹರೀತ್ರಿ, ನಾನ ಕೇಳೇನಿ" ಎಂದಳು. ತಾವು ಅವಳ ಕಡೆ ನೋಡದೆ ಅರ್ಜಿದಾರನಿಗೆ, "ಬರದ ಕೊಡ್ರಿ" ಎಂದಿರಿ. ಬರೆದು ಕೊಟ್ಟ ಅರ್ಜಿಯ ಗತಿ ಮೇಲೆ ಹೇಳಿದೆ. ಅದನ್ನು ತಿದ್ದಿ ತರುವುದರೊಳಗೆ ತಮ್ಮ ಆದೇಶ ಬಂತು: ತೊಟ್ಟಿ ತೆಗೆಯಬೇಕು, ಇಲ್ಲವೇ ಮನೆ ಬಿಡಬೇಕು.

ತೊಟ್ಟಿಯ ನೀರು ಅಂಚಿನವರೆಗೆ, ಮೊದಲಿದ್ದಷ್ಟೇ ಇತ್ತಲ್ಲ ಎಂದು ಅರ್ಜಿದಾರನು ಕೇಳಿದ್ದಕ್ಕೆ, "ಸೋರಿದ ಮ್ಯಾಲ ಮತ್ತ ತುಂಬೀರಿ" ಎಂದಿರಿ. ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ಊರಿನಲ್ಲಿ ಸೋರಿದ ತೊಟ್ಟಿಯನ್ನು ಗುಟ್ಟಾಗಿ ತುಂಬುವಷ್ಟು ನೀರು ಯಾರ ಮನೆಯಲ್ಲಿರುತ್ತದೆ ಎಂದು ತಮಗೆ ಹೊಳೆಯಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ಇಲ್ಲಿ ಎತ್ತೂ ಸಿಗದೆ ಮೀನಿಗೆ ಎಳೆದಿರಿ.

೫. ಮೇಲಿನ ಕಾರಣಕ್ಕೆ ತೊಟ್ಟಿ ದೇವಣಗಾಂವಕ್ಕೆ, ಸುಗ್ರಾಳ ಮನೆಗೆ ಹೋಯಿತು. ಅದರ ಬೆನ್ನಿಗೆ ತಾಯಿಯೂ ಹೋದಳು. ಮೀನಿನ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಆಲಮೇಲದ ಮೇಲೆ ಹೋಗುವ ಬಸ್ಸಿನಲ್ಲಿ ಕೂತಳು. ಅರ್ಜಿದಾರನು ಕಿಟಕಿಯ ಹತ್ತಿರ ನಿಂತು, "ಇರವಾ, ಬ್ಯಾರೆ ಮನಿ ನೋಡೂಣು" ಎಂದು ಕೈ ಹಿಡಿದನು. ಅವಳು, "ನಮ್ಮಂಥವ್ರಿಗಿ ಮನಿ ಸಿಗೂದು ಎಷ್ಟ ಕಠಿಣ ಅಂತ ನಿನಗ ಗೊತ್ತಿಲ್ಲೇನು? ನೀ ಇಲ್ಲೇ ಇರು. ಮುದುಕೀನೂ ಸೋರ್ತಾಳ ಅಂತ ಆ ಮನಷ್ಯಾ ಬರದ ಕೊಡೂ ಮೊದ್ಲ ನಾ ಹೋಗ್ತೇನಿ" ಎಂದಳು. ಅರ್ಜಿದಾರನಿಗೆ ಆಗ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಅವನ ಮನೆಯಲ್ಲಿ ಈಗ ಖಾಲಿ ಸ್ಟ್ಯಾಂಡು ಇದೆ, ಅದರ ಎದುರು ತಾಯಿ ಕೂಡುತ್ತಿದ್ದ ಮಣೆ ಇದೆ.

೬. ಇಂದು ಮುಂಜಾನೆ ನಳ ಬಂದಿದೆ. ತಾವೂ ಹೊನ್ನವ್ವನವರೂ ಮತ್ತೆ ಬಾಗೇವಾಡಿಯಲ್ಲಿದ್ದೀರಿ. ಬೀಗ ಭದ್ರವಾಗಿದೆ, ನಳ ತೆರೆದಿದೆ.

ಅರ್ಜಿದಾರನು ಕೆಳಗಿಳಿದು ತಮ್ಮ ಕಿಟಕಿಯಲ್ಲಿ ಇಣುಕಿದನು. ಆರಾಮ ಕುರ್ಚಿ ನೆನೆದಿದೆ. ನಿವೃತ್ತಿಯ ದಿನ ತಮಗೆ ಹೊದಿಸಿದ ಶಾಲನ್ನು ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದಿರಷ್ಟೆ, ಅದರ ಗಾಜಿನೊಳಗೆ ನೀರು ನಿಂತಿದೆ. ಮೀನಿದ್ದರೆ ಬಿಡಬಹುದಾಗಿತ್ತು. ಅರ್ಜಿದಾರನು ತಡಮಾಡದೆ ಪೇಟೆಗೆ ಓಡಿ ತಮಗೆ ಫೋನು ಹಚ್ಚಿದನು. "ಸಾಹೇಬ್ರ, ನಿಮ್ಮ ಖೋಲ್ಯಾಗ ನೀರ" ಎನ್ನುವಷ್ಟರಲ್ಲಿ ತಾವು, "ಫೋನಿನ್ಯಾಗ ತಕರಾರು ಬ್ಯಾಡ್ರಿ ಮಾಸ್ತರ್ರ. ಏನಿದ್ರೂ ಬರದ ಕಳಸ್ರಿ" ಎಂದು ಇಟ್ಟುಬಿಟ್ಟಿರಿ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಬೀಗ ಒಡೆಯೋಣವೆಂದರೆ, ಮಾಲಕರ ಬೀಗವನ್ನು ಲಿಖಿತ ಅನುಮತಿಯಿಲ್ಲದೆ ಮುಟ್ಟಬಾರದೆಂಬುದು ಕರಾರಿನ ಮೊದಲ ಕಲಮು. ಕಾರಣ ಬರೆದು ಕಳಿಸಲಾಗಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ,

ಅ) ತಮ್ಮ ಬೀಗ ತೆಗೆದು ತಮ್ಮ ನಳ ಬಂದ್ ಮಾಡಲು ಅನುಮತಿ ಕೊಡಬೇಕು.
ಆ) ಮನೆಯಲ್ಲಿ ಮೀನಿಲ್ಲವಾದ್ದರಿಂದ, ಈಗ ಸೋರುತ್ತಿರುವುದು ಯಾವ ಮೀನಿನ ನೀರೆಂದು ಆದೇಶದ ಮೂಲಕ ಗೊತ್ತುಪಡಿಸಬೇಕು.
ಇ) ಅಂಥ ಮೀನು ಸಿಗದಿದ್ದಲ್ಲಿ ತೊಟ್ಟಿಯನ್ನೂ ತಾಯಿಯನ್ನೂ ಮರಳಿ ತರಲು ಅಪ್ಪಣೆ ಕೊಡಬೇಕು.

ತಮ್ಮ ತೆರೆದ ನಳದ ಪಕ್ಕದಲ್ಲಿ ಕೂತಿರುವ,
ತಮ್ಮ ವಿಶ್ವಾಸಿ,
ಜುಲ್ಫಿಕರ ನದಾಫ

ಲಗತ್ತುಗಳು:
೧. ಹಿಂತಿರುಗಿಸಿದ ಅರ್ಜಿ, ಸೊಕ್ಕಿನ ಸಮೇತ.
೨. ಖಾಲಿ ಸ್ಟ್ಯಾಂಡು ಮತ್ತು ಮಣೆಯ ಚಿತ್ರ, ಅರ್ಜಿದಾರನೇ ಬರೆದದ್ದು.
೩. ಹೊನ್ನವ್ವನವರ ಮಲ್ಲಿಗೆ ಬಳ್ಳಿಯ ಒಣ ಎಲೆ.

ವಿ.ಸೂ.: ಈ ಅರ್ಜಿ ಸಾದಾ ಟಪಾಲಿನಲ್ಲಿ ಬರುತ್ತಿದೆ. ತಮ್ಮ ಕೈ ಸೇರುವ ಹೊತ್ತಿಗೆ ನೀರು ತಾನಾಗಿಯೇ ನಿಂತಿರುತ್ತದೆ, ಆದರೂ ಅನುಮತಿಯನ್ನು ಕೊಟ್ಟಿಡಬೇಕು. ತಾಯಿಯನ್ನು ಮರಳಿ ಬಾ ಎಂದು ಕರೆಯುವ ಒಂದು ಪತ್ರ ಬರೆಯುವುದಿದೆ. ಸುಗ್ರಾ ಅದನ್ನು ಅವಳಿಗೆ ಓದಿ ಹೇಳುತ್ತಾಳೆ. 'ಅರ್ಜಿದಾರನಿಗೆ ನಿನ್ನ ಬಿಟ್ಟಿರಲು ಆಗವಲ್ಲದು' ಎಂದು ಓದಿದರೆ ಅವಳಿಗೆ ಯಾರೆಂದು ತಿಳಿಯುವುದಿಲ್ಲ. ಕಾರಣ ಆ ಪತ್ರದಲ್ಲಿ ಮಾತ್ರ 'ನನಗೆ' ಎಂದು ಬರೆಯಲು ಅಪ್ಪಣೆಯಾಗಬೇಕು.