ಜರ್ಮನ್ ಕ್ಯಾಮೆರಾಕ್ಕೆ ಮುಖ ಸಿಂಡರಿಸಿದ್ದು

"ಕ್ಯಾಮೆರಾ ಕಂಡ ಕೂಡ್ಲೆ ನಿಮ್ಮ ಮುಖ ಅರಳ್ತದೆ ನೋಡಿ, ಅದೊಂದು ಆಗ್ಬಾರ್ದು" ಎಂದು ಸುಜಯ ಹೇಳಿದ್ದೇ ಎಲ್ಲಕ್ಕೂ ಕಾರಣ. ಹೇಳಿದ್ದು ಬೆಳಿಗ್ಗೆ ಎಂಟೂವರೆಗೆ, ಶಿರಸಿಯಲ್ಲಿ ನಿಂತು ಚಹಾ ಕುಡಿಯುವಾಗ. ಮಡಿವಾಳಪ್ಪನವರು ಆಗಲೇ ಲೋಟ ಕೆಳಗಿಟ್ಟು ಮನೆಗೆ ಹೋಗಿ ಮಲಗಿದ್ದರೆ ಈ ಕತೆ ಬರೆಯುವ ಕೆಲಸ ನನಗೂ ತಪ್ಪುತ್ತಿತ್ತು.

ಮಡಿವಾಳಪ್ಪನವರು ಶಿರಸಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಿವೃತ್ತಿಗೆ ಇನ್ನು ಮೂರು ವರ್ಷ. ಬೇರೆಯವರಿಗೆ ಎಲೆ ಅಡಿಕೆ ಇದ್ದಂತೆ ಇವರಿಗೆ ರೀಲು ಹಾಕುವ ಕಾಲದ ಜರ್ಮನ್ ಕ್ಯಾಮೆರಾಗಳ ಚಟ. ಮನೆಯಲ್ಲಿ ಹನ್ನೊಂದು ಇವೆ. ಶಿರಸಿಯ ಥಂಡಿ ಹವೆಗೆ ಲೆನ್ಸಿನೊಳಗೆ ಬೂಷ್ಟು ಬರುತ್ತದೆಂದು ಕಪಾಟಿನಲ್ಲಿ ಹಗಲೂ ರಾತ್ರಿ ಒಂದು ಬಲ್ಬು ಉರಿಸುತ್ತಾರೆ. ಪಕ್ಕದ ಮನೆಯ ಮುರಿಗೆವ್ವ ಕಿಟಕಿಯಿಂದ ಆ ಬೆಳಕು ನೋಡಿ, "ಏನ್ರಿ, ಕಾಯಿಪಲ್ಯೆ ತಿನ್ನೋ ನಮ್ಮಂಥವರ ಮನ್ಯಾಗ ತತ್ತಿಗೆ ಕಾವು ಕೊಟ್ಟು ಕೋಳಿಮರಿ ಮಾಡಸಾಕ ಹತ್ತೀರೇನು?" ಎಂದು ಕೇಳಿ ಹೋಗಿದ್ದಳು.

ಬಲ್ಬು ಉರಿದದ್ದೇ ಬಂತು. ಹನ್ನೊಂದಕ್ಕೆ ಹನ್ನೊಂದೂ ಬೂಷ್ಟು ಹಿಡಿದು ಕೂತಿದ್ದವು. ಯಾವುದರಲ್ಲಿ ಫೋಟೊ ತೆಗೆದರೂ ಮನುಷ್ಯರು ಮಜ್ಜಿಗೆಯಲ್ಲಿ ಬಿದ್ದವರಂತೆ ಕಾಣುತ್ತಿದ್ದರು. ಹೆಂಡತಿ ಶೈಲಾ ಜಗಳ ಮಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಒಂದು ದಿನ ಬಾಗಿಲಲ್ಲಿ ನಿಂತು ಇಷ್ಟೇ ಅಂದಳು: "ಹನ್ನೊಂದು ಕ್ಯಾಮೆರಾ ಅದಾವು. ನಂದೊಂದು ನೆಟ್ಟಗಿನ ಫೋಟೊ ಇಲ್ಲ ನೋಡ್ರಿ."

ಅದು ಮಡಿವಾಳಪ್ಪನವರಿಗೆ ನಾಟಿತು. ಲೆನ್ಸು ತಿಳಿಯಾಗಿರುವ ಒಂದೇ ಒಂದು ಕ್ಯಾಮೆರಾ ಸಿಗಲಿ, ಶೈಲಾಳ ಒಂದು ಫೋಟೊ ತೆಗೆದು ಈ ಚಟಕ್ಕೆ ಕೈಮುಗಿದುಬಿಡುತ್ತೇನೆ ಎಂದು ನಿಶ್ಚಯಿಸಿದರು. ಆದರೆ ಸಿಗುವುದು ಹೇಗೆ? ಯಲ್ಲಾಪುರದಲ್ಲಿ ಒಬ್ಬ ಮುದುಕರ ಮನೆಯಲ್ಲಿ ಕ್ಯಾಮೆರಾ ಕಂಡು ಇವರ ಕಣ್ಣಲ್ಲಿ ನೀರೇ ಬಂದಿತ್ತು. ಮುದುಕರು ಆ ನೀರು ನೋಡಿದ್ದೇ ತಡ, ಕ್ಯಾಮೆರಾ ದೇವರ ಕೋಣೆ ಸೇರಿ ಅದಕ್ಕೆ ಕುಂಕುಮ ಬಿತ್ತು. ಮಾಗೋಡಿನ ಹತ್ತಿರ ಒಂದು ಮನೆಯಲ್ಲಿ ಇವರು "ಆಹಾ" ಅಂದದ್ದಕ್ಕೆ ಅಣ್ಣತಮ್ಮಂದಿರು ಅದು ತನ್ನದು ತನ್ನದು ಎಂದು ಮಾತು ಬಿಟ್ಟರು.

ಆದ್ದರಿಂದ ಸುಜಯನ ಉಪದೇಶ. ಸುಜಯ ಅದೇ ಕಚೇರಿಯವನು, ಕಾನಸೂರಿನ ಕಡೆಯವನು. ಈ ಸಲ ನೋಡಬೇಕಾದ ಕ್ಯಾಮೆರಾ ಇದ್ದದ್ದು ಅಲ್ಲೇ, ಅವನ ಸೋದರಮಾವ ಬೀರನ ಮನೆಯಲ್ಲಿ. "ನಿಮಗೆ ಬೇಡ ಅಂತ ಕಾಣ್ಬೇಕು. ಮುಖ ಸಿಂಡರಿಸಿ. ಒಂದೆರಡು ಹುಳುಕು ಹೇಳಿ. ಆಗ ಅವ್ರೇ ತಗಂಡು ಹೋಗಿ ಅಂತಾರೆ."

ಹತ್ತು ಗಂಟೆಗೆ ಇಬ್ಬರೂ ಬೀರನ ಜಗಲಿಯಲ್ಲಿದ್ದರು. ಬೀರ ಎಪ್ಪತ್ತು ದಾಟಿದ ರೈತ, ಮಾತು ಜೋರು. "ಬನ್ನಿ ಬನ್ನಿ, ಆಸ್ರಿಗೆ ಎಂತ ಅಡ್ಡಿಲ್ಲ?" ಎಂದು ಬಾಯಾರಿಕೆಗೆ ಏನು ಬೇಕೆಂದು ಕೇಳುತ್ತಾ ನೀರು ಬೆಲ್ಲ ಇಟ್ಟ. ಅವನ ಹೆಂಡತಿ ಹೊನ್ನಿ ಅಡುಗೆ ಒಲೆಯ ಮೇಲಿನ ಅಟ್ಟದಿಂದ ಒಂದು ಬಟ್ಟೆಯ ಗಂಟು ಇಳಿಸಿ ತಂದಳು. ಮುಂಬೈ ಕಡೆಯ ಒಬ್ಬ ಮರದ ನಾಟಾ ವ್ಯಾಪಾರದ ಸಾಹುಕಾರರಿಗೆ ಹೊನ್ನಿಯ ಅಪ್ಪ ಅಡುಗೆ ಮಾಡಿ ಹಾಕುತ್ತಿದ್ದನಂತೆ. ಊರು ಬಿಡುವಾಗ ಅವರು ಪ್ರೀತಿಯಿಂದ ಕೊಟ್ಟು ಹೋದದ್ದು.

ಗಂಟು ಬಿಚ್ಚಿತು. ಮಡಿವಾಳಪ್ಪನವರು ಗುಂಡಿ ಒತ್ತಿದರು. ಮುಚ್ಚಳ ತೆರೆದು, ಕರೀ ಚರ್ಮದ ತಿದಿ ಮಡಿಕೆ ಬಿಚ್ಚಿಕೊಂಡು ಮುಂದೆ ಬಂತು. ತೊಂಬತ್ತು ವರ್ಷದ ಹಿಂದಿನದು, ಜರ್ಮನಿಯ ಝೈಸ್ ಇಕಾನ್ ಕಂಪನಿಯದು. ಚರ್ಮದಲ್ಲಿ ಒಂದು ಬಿರುಕಿಲ್ಲ. ಐವತ್ತು ವರ್ಷ ಒಲೆಯ ಬಿಸಿಗೆ ಇದ್ದದ್ದಕ್ಕೆ ಬೂಷ್ಟು ಹತ್ತಿರವೂ ಸುಳಿದಿರಲಿಲ್ಲ. ಲೆನ್ಸು ಬಾವಿಯ ನೀರಿನಷ್ಟು ತಿಳಿ. ಶಟರಿನ ಕಡ್ಡಿ ಎಳೆದರೆ ಚಿಕ್ ಎಂದು ಸದ್ದು. ಅವರಿಗೆ ಶೈಲಾಳ ಫೋಟೊ ಅಲ್ಲೇ ಕಂಡಿತು, ಮೂಗುತಿಯ ಸಮೇತ.

ಸುಜಯ ತೊಡೆ ಚಿವುಟಿದ. ಮಡಿವಾಳಪ್ಪನವರು ಹಾಗಲಕಾಯಿ ಕಚ್ಚಿದವರಂತೆ ಮುಖ ಮಾಡಿದರು. "ಏನ್ರಿ ಇದು, ಭಾಳ ಹೊಲಸಾಗೇತಿ. ಬರೇ ಜಿಡ್ಡು."

ಹೊನ್ನಿಯ ಮುಖ ಸಣ್ಣದಾಯಿತು. "ಎಲ್ಲಿ ಜಿಡ್ಡು?"

"ಎಲ್ಲಾ ಕಡೆ ಅದ. ಈ ಗಾಜು ನೋಡ್ರಿ, ಬೂಷ್ಟು ಹಿಡದೇತಿ."

ಆಚೆಮನೆಯ ಮಂಜಿ ಯಾರು ಬಂದಿದ್ದಾರೆಂದು ನೋಡಲು ಆಗಲೇ ಬಂದು ಕಂಬಕ್ಕೆ ಒರಗಿದ್ದಳು. "ಅಯ್ಯಯ್ಯ! ಹೊನ್ನಕ್ಕನ ಮನೇಲಿ ಬೂಷ್ಟಾ!" ಎಂದು ಊರಿಗೆ ಕೇಳುವಂತೆ ಕೂಗಿ, ತಾನೂ ಒಮ್ಮೆ ತಿದಿಯನ್ನು ಹಾರ್ಮೋನಿಯಮ್ಮಿನಂತೆ ಎಳೆದು ನೋಡಿದಳು. ಮಡಿವಾಳಪ್ಪನವರ ಜೀವ ಬಾಯಿಗೆ ಬಂತು. ಆದರೂ "ಎಳೀರಿ, ಎಳೀರಿ, ಏನಾಗೂದೈತಿ" ಎಂದರು. ಉಪದೇಶವೆಂದರೆ ಉಪದೇಶ.

ಹೊನ್ನಿ ಕ್ಯಾಮೆರಾ ಎತ್ತಿಕೊಂಡು ಒಳಗೆ ಹೋದಳು. "ಬೇಜಾರಾಗಿದೆ. ಊಟ ಆದ್ಮೇಲೆ ಅವಳೇ ಕೊಡ್ತಾಳೆ, ನೋಡ್ತಿರಿ" ಎಂದು ಸುಜಯ ಪಿಸುಗುಟ್ಟಿದ.

ಊಟಕ್ಕೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಮಂಜಿಯ ಬಾಯಿಂದ, ಸರ್ಕಾರಿ ಕಚೇರಿಯವರು ಬಂದಿದ್ದಾರೆ ಎಂಬ ಸುದ್ದಿ ಹೊರಟಿತು. ಮೊದಲು ನಾಗಪ್ಪ ಎಂಬಾತ ಪಹಣಿ ಹಿಡಿದು ಬಂದ. "ಸ್ವಲ್ಪ ಓದಿ ಹೇಳಿ ಮಾರಾಯ್ರೆ."

"ನಂದು ಆ ಸೆಕ್ಷನ್ ಅಲ್ರಿ."

"ಅಡ್ಡಿಲ್ಲ, ಕನ್ನಡಕ ಅದ್ಯಲ, ಓದಿ."

ಅವನ ಹಿಂದೆ ಮತ್ತೊಬ್ಬ ಪಡಿತರ ಚೀಟಿ ತಂದ, ಇನ್ನೊಬ್ಬ ಸೊಸೆಯ ಆಧಾರ್ ಕಾರ್ಡು. ಮಡಿವಾಳಪ್ಪನವರು ರಜೆ ಹಾಕಿ ಬಂದು ಎರಡೂವರೆ ತಾಸು ಕಚೇರಿ ನಡೆಸಿದರು. ಮೂವತ್ತು ವರ್ಷದಲ್ಲಿ ಅಷ್ಟು ಕೆಲಸವನ್ನು ಅವರು ಒಂದೇ ಪಟ್ಟಿಗೆ ಕೂತು ಮಾಡಿರಲಿಲ್ಲ. ಸೊಂಟ ಹಿಡಿದುಕೊಂಡಿತು, ಕಣ್ಣು ಉರಿಯಿತು. ಒಳಗಿಂದ ಆಗಾಗ ನೀರು ಸುರಿಯುವ ಸದ್ದು, ಏನೋ ಉಜ್ಜುವ ಸದ್ದು ಕೇಳುತ್ತಿತ್ತು. ಊಟದ ತಯಾರಿ ಇರಬೇಕು ಎಂದುಕೊಂಡರು.

ಊಟಕ್ಕೆ ಕೂತಾಗ ಅವರಿಗೆ ಸಾಕಾಗಿಹೋಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ನೋಯುತ್ತಿತ್ತು. ಇನ್ನು ನಾಟಕ ಬೇಡ, ಇರುವುದನ್ನು ಹೇಳಿಬಿಡೋಣ ಎಂದು ಊಟ ಮುಗಿಸಿ, ಕೈತೊಳೆದು ಜಗಲಿಗೆ ಬಂದು ಕೂತರು. "ಬೀರಣ್ಣಾರ, ಒಂದು ಮಾತು. ನಾ ಬೆಳಿಗ್ಗೆ ಸುಳ್ಳು ಹೇಳೀನಿ. ಆ ಕ್ಯಾಮೆರಾದಂಥದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ನನಗದು ಬೇಕ್ರಿ."

"ಅದ್ಕೆಂತ, ತಗಂಡು ಹೋಗಿ. ಮನೆಗೆ ಬಂದವ್ರನ್ನ ಬರಿಗೈಲಿ ಕಳಿಸೂಕಾಗ್ತದ್ಯ?" ಎಂದ ಬೀರ. "ಏ ಹೊನ್ನಿ, ತಗಂಡ್ ಬಾ."

ಹೊನ್ನಿ ಹರಿವಾಣದಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ನಡುವೆ ಕ್ಯಾಮೆರಾ ಕೂರಿಸಿ ತಂದಳು. ದೀಪಾವಳಿಯ ಹಿತ್ತಾಳೆ ದೀಪದಂತೆ ಹೊಳೆಯುತ್ತಿತ್ತು. ಕರೀ ಬಣ್ಣವೆಲ್ಲ ಹೋಗಿ ಒಳಗಿನ ಲೋಹ ಕಾಣುತ್ತಿತ್ತು. ಚರ್ಮದ ತಿದಿ ನೆನೆದು ಉಬ್ಬಿ ಹರಿದು ಜೋತಾಡುತ್ತಿತ್ತು. ಲೆನ್ಸಿನ ಆಚೆ ಏನೂ ಕಾಣುತ್ತಿರಲಿಲ್ಲ.

"ಹುಣಸೆಹಣ್ಣು ಹಾಕಿದೆ, ಬೂದಿ ಹಾಕಿದೆ, ತೆಂಗಿನ ನಾರಲ್ಲಿ ಮೂರು ಸಲ ತಿಕ್ಕಿದೆ" ಎಂದಳು ಹೊನ್ನಿ. "ಗಾಜು ಮಾತ್ರ ಎಷ್ಟು ತಿಕ್ಕಿದ್ರೂ ಬೆಳ್ಳಗೇ ಆಗ್ತಾ ಹೋತು. ಈಗ ನೋಡಿ, ಎಲ್ಲಾದ್ರೂ ಜಿಡ್ಡು ಅದ್ಯಾ?"

ಮಡಿವಾಳಪ್ಪನವರು ನೋಡಿದರು. ಎಲ್ಲೂ ಜಿಡ್ಡು ಇರಲಿಲ್ಲ. ಬೈಯೋಣವೆಂದರೆ ಆಕೆಯ ಕೈಬೆರಳು ತಿಕ್ಕಿ ತಿಕ್ಕಿ ಕೆಂಪಾಗಿದ್ದವು. ತಪ್ಪು ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಳು ಬಂತು. ಅದನ್ನು ನೋಡಿ ಹೊನ್ನಿಗೆ ತನ್ನ ದುಡಿಮೆ ಸಾರ್ಥಕವಾಯಿತು ಅನಿಸಿತು.

"ಇಷ್ಟು ಆಸೆ ಅದೆ ನಿಮಗೆ. ಮೊದ್ಲೇ ಹೇಳ್ಬಾರ್ದಾ?" ಎಂದಳು. "ಸಾಹುಕಾರ್ರು ಅಪ್ಪನಿಗೆ ಎರಡು ಕೊಟ್ಟಿದ್ರು. ಇನ್ನೊಂದು ಹುಲಗೋಳದಾಗೆ ನಮ್ಮ ದೇವಿ ಅಕ್ಕನ ಮನೇಲಿ ಅದೆ. ಎರಡು ಕಣ್ಣಿಂದು, ಮೇಲಿಂದ ಬಗ್ಗಿ ನೋಡೂದು. ಅದೂ ಒಲೆ ಮೇಲಿನ ಅಟ್ಟದ್ದೇ."

ಎರಡು ಕಣ್ಣಿನದು! ಎರಡು ಲೆನ್ಸಿನ ಜರ್ಮನ್ ರೋಲಿಫ್ಲೆಕ್ಸ್! ಮಡಿವಾಳಪ್ಪನವರ ಸೊಂಟ ನೋವು ಮಾಯವಾಯಿತು. ಎದ್ದವರೇ ಜಗಲಿ ಇಳಿದು ಚಪ್ಪಲಿಗೆ ಕಾಲು ತೂರಿಸಿದರು. "ಸುಜಯ, ಗಾಡಿ ತಗೀ! ಈಗಿಂದೀಗ ಹೋಗೂಣು!"

"ಗಡಿಬಿಡಿ ಎಂತಕ್ಕೆ, ನಾ ಇದನ್ನ ತಿಕ್ತಾ ಇರೂವಾಗ್ಲೇ ಅಕ್ಕನಿಗೆ ಫೋನ್ ಮಾಡಿದೀನಿ" ಎಂದು ಹೊನ್ನಿ ನಕ್ಕಳು. "ಪ್ಯಾಟೆಯವ್ರು ಬಂದು ಬೂಷ್ಟು ಅಂದ್ರೆ ನಮ್ಮ ಅಕ್ಕನ ಮರ್ಯಾದಿ ಎಂತ ಆಗೂದು? ಭಾವ ಸ್ಕ್ರೂ ಬಿಚ್ಚಿ ಎರಡೂ ಕಣ್ಣು ತೆಗ್ದು ಕೊಟ್ರಂತೆ. ಅಕ್ಕ ಒಂದ್ಸಲ ನಾರಲ್ಲಿ ತಿಕ್ಕಿ ಹುಣಸೆಹುಳಿ ನೀರಲ್ಲಿ ನೆನೆ ಹಾಕಿದಾಳೆ. ಆಮೇಲೆ ಬೂದಿ ಹಾಕಿ ತಿಕ್ತಾಳಂತೆ."

ಮಡಿವಾಳಪ್ಪನವರು ಒಂದು ಕಾಲಿನ ಚಪ್ಪಲಿ ಬಿಟ್ಟರು. ಇನ್ನೊಂದನ್ನೂ ಬಿಟ್ಟರು. ನಿಧಾನ ಜಗಲಿ ಹತ್ತಿ ಕಂಬಕ್ಕೆ ಒರಗಿ ಕೂತು, ಕಣ್ಣು ಮುಚ್ಚಿಕೊಂಡು ಹೇಳಿದರು:

"ಅವಸರಿಲ್ಲ ಬಿಡ್ರಿ. ಛಂದಂಗ ನೆನೀಲಿ."