ಮೊಮ್ಮಗಳ ಕೋಟೆಯನ್ನು ಕೆಡವಿದ್ದು ನಾನೇ

ನನ್ನ ಮೊಮ್ಮಗಳು ಸ್ನೇಹಾ ಏನು ಕೆಲಸ ಮಾಡುತ್ತಾಳೆ ಎಂಬುದು ನಮ್ಮ ಗಲ್ಲಿಯಲ್ಲಿ ನನ್ನೊಬ್ಬನಿಗೆ ಮಾತ್ರ ಸರಿಯಾಗಿ ಗೊತ್ತು. ಮೂರನೇ ಇಯತ್ತೆ ದಾಟದ ಮನುಷ್ಯ ಹೀಗೆ ಹೇಳಿದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಅವಳ ಅಪ್ಪನನ್ನು ಕೇಳಿದರೆ ‘ಕಂಪ್ಯೂಟರ್’ ಎನ್ನುತ್ತಾನೆ. ಅವಳ ಅವ್ವನನ್ನು ಕೇಳಿದರೆ ‘ಎ.ಸಿ. ರೂಮು’ ಎನ್ನುತ್ತಾಳೆ. ನನ್ನನ್ನು ಕೇಳಿ. ನನ್ನ ಮೊಮ್ಮಗಳು ವಾಲ್‌ಮ್ಯಾನ್!

ಅವಳೇ ವಿವರಿಸಿದ್ದಳು. ಫೋನಿನಲ್ಲಿ ಆಡುವ ಒಂದು ಕೋಟೆ ಆಟವಿದೆಯಂತೆ. ಕುದುರೆ, ಕತ್ತಿ, ಸಂತೆ, ಸೇತುವೆ ಎಲ್ಲ ಇರುವ ಒಂದು ರಾಜ್ಯ. ಎಲ್ಲೆಲ್ಲಿಯದೋ ಜನ ಒಂದೇ ಹೊತ್ತಿಗೆ ಅದರೊಳಗೆ ಹೊಕ್ಕು ಆಡುತ್ತಾರೆ. ಆ ರಾಜ್ಯವೆಲ್ಲ ಎಲ್ಲೋ ದೂರದ ದೊಡ್ಡ ಮಷೀನುಗಳ ಹೊಟ್ಟೆಯಲ್ಲಿ ಇರುತ್ತದೆ. ಆ ಮಷೀನು ನಿಲ್ಲದಂತೆ, ಬಿಸಿಯಾಗದಂತೆ, ಕಳ್ಳರು ನುಗ್ಗದಂತೆ ನೋಡಿಕೊಳ್ಳುವವಳು ನಮ್ಮ ಸ್ನೇಹಾ.

“ಎಲ್ಲಾ ಚಂದ ನಡದ್ರ ನಾ ಇದ್ದೀನಿ ಅಂತಾನೂ ಯಾರಿಗೂ ಗೊತ್ತಾಗಂಗಿಲ್ಲ ಮುತ್ಯಾ. ನಿಂತ್ರ ಮಾತ್ರ ಎಲ್ಲಾರೂ ನನ್ನ ಹೆಸರು ಹಿಡಿದು ಒದರತಾರ.”

“ಅಂದ್ರ ವಾಲ್‌ಮ್ಯಾನ್ ಅನ್ನು!” ಎಂದೆ.

ಅವಳು ಒಂದು ಕ್ಷಣ ಯೋಚಿಸಿ, ಬಿದ್ದು ಬಿದ್ದು ನಕ್ಕಳು. “ಹೂಂ ಮುತ್ಯಾ. ವಾಲ್‌ಮ್ಯಾನ್.”

ನಾನು ಸೇಡಂ ಕಡೆಯ ಹಳ್ಳಿಯಿಂದ ಈ ಹೈದರಾಬಾದಿಗೆ ಬಂದದ್ದು ಸಿಮೆಂಟ್ ಪುಟ್ಟಿ ಹೊರಲು. ಆಮೇಲೆ ಗಲ್ಲಿಗಳಿಗೆ ಕುಡಿಯುವ ನೀರು ಬಿಡುವ ವಾಲ್‌ಮ್ಯಾನ್ ಕೆಲಸ ಸಿಕ್ಕಿತು. ಉದ್ದನೆಯ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಮೂವತ್ತು ವರ್ಷ ತಿರುಗಿದೆ. ಪುಟ್ಟ ಸ್ನೇಹಾ ಸೈಕಲ್ಲಿನ ಮುಂದಿನ ಕೋಲಿನ ಮೇಲೆ. ನಾನು ಚಾವಿ ತಿರುವಿದರೆ ಅವಳು ಎಣಿಸುವಳು. “ಒಂದು, ಎರಡು, ಮೂರು...” ಹದಿನಾಲ್ಕನೆಯ ಸುತ್ತಿನಲ್ಲಿ ಪೈಪಿನೊಳಗೆ ‘ಸೊಂಯ್’ ಎಂದು ನೀರು ಓಡುವ ಸದ್ದು ಬರುತ್ತಿತ್ತು. ಅವಳು ನೆಲಕ್ಕೆ ಕಿವಿ ಹಚ್ಚಿ, “ಬಂತು ಮುತ್ಯಾ!” ಎನ್ನುವಳು. ಎಣಿಕೆ ಕಲಿತದ್ದು ಶಾಲೆಯಲ್ಲಲ್ಲ, ನನ್ನ ವಾಲ್ವಿನ ಮುಚ್ಚಳದ ಮೇಲೆ!

ಆ ಮೂವತ್ತು ವರ್ಷ ನಾನು ಜನರಿಗೆ ಹೇಳಿದ ಬುದ್ಧಿ ಒಂದೇ. ಎಲ್ಲರೂ ಒಟ್ಟಿಗೆ ನಲ್ಲಿ ತಿರುವಬೇಡಿ, ಪ್ರೆಷರ್ ಬೀಳುತ್ತದೆ! ಪೈಪಿಗೆ ಮೋಟಾರು ಹಚ್ಚಿ ಕದ್ದು ಎಳೆಯುವವರ ಕನೆಕ್ಷನ್ ಕಿತ್ತು ಹಾಕುತ್ತಿದ್ದೆ. ಯಾರ ಮುಲಾಜೂ ಇಲ್ಲ. ನನ್ನ ಹೆಂಡತಿ ಶಾಂತಮ್ಮನ ಸ್ವಂತ ತಮ್ಮನ ಕನೆಕ್ಷನ್ ಕೂಡ ಕಿತ್ತಿದ್ದೇನೆ. ಆಕೆ ಅದನ್ನು ಇನ್ನೂ ಮರೆತಿಲ್ಲ. ಇದು ನೆನಪಿರಲಿ, ಮುಂದೆ ಬರುತ್ತದೆ.

ಇಂಥ ನನ್ನ ಮೊಮ್ಮಗಳು ಈಗ ಊರಿನ ಆ ತುದಿಯಲ್ಲಿ, ಆಫೀಸಿನ ಪಕ್ಕ ರೂಮು ಮಾಡಿಕೊಂಡಿದ್ದಾಳೆ. ಅವಳ ಡ್ಯೂಟಿಗೂ ಮೆಟ್ರೋದ ಹೊತ್ತಿಗೂ ಹೊಂದುವುದಿಲ್ಲವಂತೆ. ಪ್ರತಿ ಭಾನುವಾರ ಬರುತ್ತೇನೆ ಎನ್ನುವಳು. ಪ್ರತಿ ಭಾನುವಾರ ಆ ಕೋಟೆಯಲ್ಲಿ ಏನಾದರೊಂದು ಹಬ್ಬ, ಏನಾದರೊಂದು ಯುದ್ಧ. ಹೀಗೆ ಮೂರು ತಿಂಗಳು. ಅವಳ ತಟ್ಟೆಯನ್ನು ಶಾಂತಮ್ಮ ತೊಳೆದು ತೊಳೆದು ಇಡುತ್ತಿದ್ದಳು. ಉಣ್ಣದ ತಟ್ಟೆಯನ್ನು ಯಾಕೆ ತೊಳೆಯುತ್ತೀ ಎಂದು ನಾನು ಕೇಳಲಿಲ್ಲ. ನಾನು ಕೂಡ ಅವಳ ಹಳೆಯ ಚಪ್ಪಲಿಯನ್ನು ಬಾಗಿಲಿನಿಂದ ತೆಗೆಯಲು ಬಿಟ್ಟಿರಲಿಲ್ಲ.

ಒಂದು ದಿನ ಫೋನಿನಲ್ಲಿ, “ಇಡೀ ದಿನ ಎಲ್ಲಿ ಇರ್ತೀಯವ್ವಾ?” ಎಂದು ಕೇಳಿದೆ. “ಆ ಕೋಟೆಯೊಳಗ ಇರ್ತೀನಿ ಮುತ್ಯಾ, ಇನ್ನೆಲ್ಲಿ?” ಎಂದಳು.

ನನಗೆ ತಟ್ಟನೆ ಹೊಳೆಯಿತು. ಅವಳು ಇಲ್ಲಿಗೆ ಬರದಿದ್ದರೆ ಏನಂತೆ? ನಾನೇ ಅಲ್ಲಿಗೆ ಹೋದರಾಯಿತು!

ಕೆಳಗಿನ ಮನೆಯ ಮಲ್ಲೇಶಂ ರಿಟೈರಾದ ಬಸ್ ಕಂಡಕ್ಟರ್, ಫೋನಿನಲ್ಲಿ ನುರಿತವನು. ಆಟವನ್ನು ಫೋನಿಗೆ ಇಳಿಸಿಕೊಡಲು ಕೇಳಿದಾಗ ಹಣೆ ಚಚ್ಚಿಕೊಂಡ. “ಪೆದ್ದಾಯನಾ, ಈ ವಯಸುಲೋ ಕತ್ತಿ ಯುದ್ಧಮಾ?” ಹಿರಿಯಾ, ಈ ವಯಸ್ಸಿನಲ್ಲಿ ಕತ್ತಿ ಯುದ್ಧವೇ ಎಂದು ತೆಲುಗಿನಲ್ಲಿ ಕೇಳಿದ. ಆದರೂ ಇಳಿಸಿಕೊಟ್ಟ. ಒಳಗೆ ಹೋಗಲು ಒಂದು ಹೆಸರು ಬೇಕೆಂದ. ಬೇರೆಯವರೆಲ್ಲ ಹುಲಿ, ಸಿಡಿಲು, ಯಮ ಎಂದು ಇಟ್ಟುಕೊಳ್ಳುತ್ತಾರಂತೆ. ನಾನೇನು ಕಳ್ಳನೇ, ಹೆಸರು ಮುಚ್ಚಿಡಲು? “ವಾಲ್‌ಮ್ಯಾನ್ ಬಸಣ್ಣ ಅಂತ ಬರಿ” ಎಂದೆ. ಅದನ್ನೇ ಬರೆದ.

ಹೀಗೆ ನನ್ನ ಕೋಟೆ ಪ್ರವೇಶವಾಯಿತು. ಫೋನಿನಲ್ಲಿ ಮಾತಾಡಿದರೆ ಅಲ್ಲಿ ಹತ್ತಿರ ನಿಂತವರಿಗೆ ಕೇಳಿಸುತ್ತದೆ. ನಾನು ಎದುರಿಗೆ ಬಂದ ಕುದುರೆ ಸವಾರನಿಗೆ ವಿನಯದಿಂದ, “ತಮ್ಮಾ, ನಮ್ಮ ಸ್ನೇಹಾನ ನೋಡೀಯೇನು?” ಎಂದು ಕೇಳಿದೆ. ಅವನು ನನ್ನ ತಲೆ ಕಡಿದ. ಮತ್ತೆ ಹುಟ್ಟಿ ಬಂದು ಇನ್ನೊಬ್ಬನನ್ನು ಕೇಳಿದೆ. ಅವನೂ ಕಡಿದ. ಮೊದಲ ದಿನವೇ ಮೊಮ್ಮಗಳನ್ನು ಹುಡುಕುತ್ತ ಹದಿನೇಳು ಸಲ ಸತ್ತೆ!

ಹದಿನೆಂಟನೆಯ ಸಲ ಸಾಯುವ ಮೊದಲು ಒಂದು ಹೆಣ್ಣು ದನಿ ಕೂಗಿತು. “ಮುತ್ಯಾ, ಅಲ್ಲಿ ನಿಂದರಬ್ಯಾಡ್ರಿ! ಅದು ಯುದ್ಧದ ಜಾಗ, ಕಡೀತಾರ! ಇತ್ತ ಬರ್ರಿ!”

ಎಲಾ, ನಮ್ಮ ಮಾತು! ನೋಡಿದರೆ ಹಸಿರು ಟೊಪ್ಪಿಗೆ ಹಾಕಿಕೊಂಡ ಒಬ್ಬ ಬಿಲ್ಲುಗಾರ್ತಿ. ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದು ಕೋಚಿಂಗಿಗೆ ಹೋಗುವ ರಾಯಚೂರಿನ ಹುಡುಗಿಯಂತೆ. ನನ್ನನ್ನು ಮೊದಲ ಊರಿನ ಬಾವಿಯ ಬಳಿ ಕರೆತಂದಳು. ಅಲ್ಲಿ ಯಾರೂ ಯಾರನ್ನೂ ಕಡಿಯುವಂತಿಲ್ಲ. ಹೊಸಬರೆಲ್ಲ ಅಲ್ಲೇ ಇಳಿಯುವುದು. ನಾನು ಬಂದ ಕಾರಣ ಹೇಳಿದೆ.

“ಅಕ್ಕಾ ಇಲ್ಲಿ ಅಡ್ಮಿನ್, ಅಂದ್ರ ಮಷೀನ್ ನೋಡ್ಕೊಳ್ಳಾಕಿ. ಕಣ್ಣಿಗೆ ಬೀಳಂಗಿಲ್ರಿ ಮುತ್ಯಾ. ಬಾವ್ಯಾಗ ನೀರು ಅಳ್ಳಾಡಾಕತ್ತೈತಿ ನೋಡ್ರಿ? ಅದು ನಿಲ್ಲದಂಗ ಅಳ್ಳಾಡಿದ್ರ ಅಕ್ಕಾ ಕೆಲಸದಾಗ ಅದಾರ ಅಂತ ತಿಳ್ಕೊಳ್ರಿ.”

ಅಂದಿನಿಂದ ನನ್ನ ದಿನಚರಿ ಬದಲಾಯಿತು. ಬೆಳಿಗ್ಗೆ ಚಹಾ ಕುಡಿದು ಕೋಟೆಯ ಬಾವಿ ಕಟ್ಟೆಗೆ ಹೋಗಿ ಕೂರುವುದು. ನೀರು ನೋಡುವುದು. ನೀರು ಅಲುಗಾಡುತ್ತಿತ್ತು. ನಮ್ಮ ಹುಡುಗಿ ಕೆಲಸಕ್ಕೆ ಬಂದಿದ್ದಾಳೆ, ಹುಷಾರಾಗಿದ್ದಾಳೆ ಎಂದುಕೊಂಡು ಎದ್ದು ಬರುವುದು. ಶಾಂತಮ್ಮ ಕೂಡ ಒಲೆಯ ಮುಂದಿನಿಂದ ಕೇಳುವಳು. “ರೀ, ನೀರು ಅಳ್ಳಾಡಾಕತ್ತೈತೇನು?” “ಐತಿ, ಐತಿ.” ಆಗ ಆಕೆ ರೊಟ್ಟಿ ಬಡಿಯಲು ಶುರು ಮಾಡುವಳು.

ಅಷ್ಟರಲ್ಲಿ ಫೋನು ಬಂತು. “ಮುತ್ಯಾ, ಈ ಭಾನುವಾರ ಹಬ್ಬಿಲ್ಲ, ಯುದ್ಧಿಲ್ಲ. ಮಧ್ಯಾಹ್ನ ಉಣ್ಣಾಕ ಬರ್ತೀನಿ. ಕೋಟೆ ಬೀಳದಿದ್ರ ಸಂಜಿ ತನಕ ಇರ್ತೀನಿ.”

ಮೂರು ತಿಂಗಳ ಮೇಲೆ! ಶಾಂತಮ್ಮ ಅಂದೇ ಶೇಂಗಾ ಹುರಿಯಲು ಕೂತಳು, ಹೋಳಿಗೆಗೆ. ನಾನು ಗಡ್ಡ ಕೆರೆಸಿಕೊಂಡು ಬಂದೆ. ಆದರೆ ‘ಕೋಟೆ ಬೀಳದಿದ್ದರೆ’ ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಬೀಳದಂತೆ ನೋಡಿಕೊಳ್ಳಬೇಕು. ಯಾರು? ಅನುಭವಸ್ಥರು. ಅಂದರೆ ನಾನು!

ನೀರು ಬಿಡುವ ಕೆಲಸದಲ್ಲಿದ್ದಾಗ ಹಬ್ಬದ ಹಿಂದಿನ ದಿನ ನಾನು ಏನು ಮಾಡುತ್ತಿದ್ದೆ? ಗಲ್ಲಿಯವರನ್ನೆಲ್ಲ ಟ್ಯಾಂಕಿನ ಕೆಳಗೆ ಕೂಡಿಸಿ, “ನಾಳೆ ಗದ್ದಲ ಮಾಡಬ್ಯಾಡ್ರಿ, ತಾಳ್ಮಿ ಇರ್ಲಿ” ಎಂದು ಕೈ ಮುಗಿಯುತ್ತಿದ್ದೆ. ಮರುದಿನ ಒಂದು ದೂರೂ ಬರುತ್ತಿರಲಿಲ್ಲ. ಕೋಟೆಯ ಜನಕ್ಕೂ ಇದೇ ಮದ್ದು. ಬಿಲ್ಲುಗಾರ್ತಿಗೆ ಹೇಳಿದೆ. “ಭಾನುವಾರ ಹನ್ನೊಂದಕ್ಕ ಬಾವಿ ಹತ್ತಿರ ಸಭೆ. ನಾನು ಅಡ್ಮಿನ್‌ನ ಮುತ್ಯಾ ಮಾತಾಡ್ತೀನಿ. ಎಲ್ಲಾರಿಗೂ ಹೇಳವ್ವಾ.”

ಆ ಹುಡುಗಿ ಎಲ್ಲರಿಗೂ ಹೇಳಿದಳು. ನಾನು ‘ಎಲ್ಲರಿಗೂ’ ಎಂದರೆ ನಮ್ಮ ಗಲ್ಲಿಯಷ್ಟು ಎಂದುಕೊಂಡಿದ್ದೆ.

ಭಾನುವಾರ ಬಂತು. ಮಗ ಸೊಸೆ ತಮ್ಮ ಟಿಫಿನ್ ಬಂಡಿಯ ಬಳಿ ಇದ್ದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಚಾಪೆಯ ಮೇಲೆ ಕೂತು ಕೋಟೆಯೊಳಗೆ ಹೋದೆ. ಹೋಗಿ ನೋಡಿದರೆ ಬಾವಿಯೇ ಕಾಣುತ್ತಿಲ್ಲ! ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ. ಕುದುರೆಯ ಮೇಲೆ ಕುದುರೆ, ಟೊಪ್ಪಿಗೆಯ ಮೇಲೆ ಟೊಪ್ಪಿಗೆ. ಮಾಡಿನ ಮೇಲೆ ಜನ, ಬಾವಿಯೊಳಗೂ ಜನ! “ಮುತ್ಯಾ! ಮುತ್ಯಾ!” ಎಂದು ಕುಣಿಯುತ್ತಿದ್ದಾರೆ. ಯಾರೋ ನನ್ನ ಗೌರವಾರ್ಥ ಬಾಣ ಬಿರುಸು ಹಾರಿಸಿದರು. ಬಾಳಿನಲ್ಲಿ ಮೊದಲ ಬಾರಿ ನನಗೆ ಭಾಷಣದ ಯೋಗ!

“ಬಂಧುಗಳೇ,” ಎಂದೆ. “ಇವತ್ತು ನನ್ನ ಮೊಮ್ಮಗಳು ಮನೀಗೆ ಬರಾಕತ್ತಾಳ...”

ಅಷ್ಟೇ. ಹಸಿರು ಟೊಪ್ಪಿಗೆಯವಳು ಒಂದು ಕಾಲೆತ್ತಿ ಗಾಳಿಯಲ್ಲಿ ನಿಂತುಬಿಟ್ಟಳು. ಬಿರುಸು ಆಕಾಶದಲ್ಲೇ ನಿಂತಿತು. ಬಾವಿಯ ನೀರು ನಿಂತಿತು. ಆಮೇಲೆ ಎಲ್ಲ ಕಪ್ಪು.

ಫೋನನ್ನು ತೊಡೆಗೆ ಎರಡು ಬಾರಿ ಬಡಿದೆ. ಶಾಂತಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ನೀರು ಅಳ್ಳಾಡಾಕತ್ತೈತೇನ್ರೀ?”

“ಇಲ್ಲ.”

“ಯಾಕ? ಏನ್ ಮಾಡಿದ್ರಿ?”

“ಏನಿಲ್ಲ. ಭಾಷಣ.”

ಅರ್ಧ ಗಂಟೆಯೊಳಗೆ ಬಾಗಿಲಲ್ಲಿ ಸ್ನೇಹಾ! ನನ್ನ ಬಂಗಾರ! ಇಳಿದುಹೋಗಿದ್ದಾಳೆ, ಕಣ್ಣ ಕೆಳಗೆ ಕಪ್ಪು. ನಾನು ಎರಡೂ ಕೈ ಚಾಚಿದೆ. ಅವಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತೆರೆದ ಲ್ಯಾಪ್‌ಟಾಪು. “ಮುತ್ಯಾ, ಆಮ್ಯಾಲ! ಕೋಟೆ ಬಿದ್ದೈತಿ!” ಎಂದವಳೇ ಅಕ್ಕಿ ಡಬ್ಬಿಯ ಮೇಲೆ ಲ್ಯಾಪ್‌ಟಾಪು ಇಟ್ಟು ನೆಲಕ್ಕೆ ಕೂತಳು. ಫೋನಿನಲ್ಲಿ ಒಮ್ಮೆ ತೆಲುಗು, ಒಮ್ಮೆ ಹಿಂದಿ, ಒಮ್ಮೆ ಇಂಗ್ಲಿಷ್. ಕಪ್ಪು ಪರದೆಯ ಮೇಲೆ ಸಾಲು ಸಾಲು ಅಕ್ಷರಗಳು ಓಡುತ್ತಿದ್ದವು. ನಾನು ಪಕ್ಕದಲ್ಲಿ ಕೂತು ಅವಳ ಮುಖವನ್ನೇ ನೋಡಿದೆ. ತಪ್ಪು ಮಾಡಿದವನಿಗೆ ಅಷ್ಟು ಸಂತೋಷವಾಗಬಾರದು. ಆದರೆ ಆಯಿತು.

“ಉಳಿದ ಊರೆಲ್ಲಾ ಛಲೋ ಅದಾವ,” ಎಂದು ತನಗೆ ತಾನೇ ಗೊಣಗಿದಳು. “ಮೊದಲನೇ ಊರಿನ ಮಷೀನ್ ಅಷ್ಟ ಬಿದ್ದೈತಿ. ಎಲ್ಲಾರೂ ಒಂದ ಜಾಗದಾಗ ನಿಂತಿದ್ರಂತ, ಬಾವಿ ಹತ್ತಿರ. ಯಾವಂವ ಬಾವಿ ಹತ್ತಿರ ಸಭೆ ಕರೀತಾನ?”

ಶಾಂತಮ್ಮ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

ಎಲ್ಲರೂ ಒಟ್ಟಿಗೆ ನಲ್ಲಿ ತಿರುವಬೇಡಿ! ಮೂವತ್ತು ವರ್ಷ ಊರಿಗೆಲ್ಲ ಹೇಳಿದವನು, ಇಡೀ ರಾಜ್ಯವನ್ನು ಕರೆದು ಒಂದೇ ನಲ್ಲಿಯ ಕೆಳಗೆ ನಿಲ್ಲಿಸಿದ್ದೆ!

ಸ್ನೇಹಾ ಬೆರಳಾಡಿಸಿದಳು. “ಇರು, ಕರದಂವನ ಹೆಸರು ತಗೀತೀನಿ...” ತೆಗೆದಳು. ಓದಿದಳು. ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಮುತ್ಯಾ. ವಾಲ್‌ಮ್ಯಾನ್ ಬಸಣ್ಣ ಅಂದ್ರ ಯಾರು?”

“ಈ ಊರಾಗ ಭಾಳ ಮಂದಿ ಬಸಣ್ಣ ಅದಾರವ್ವಾ,” ಎಂದೆ.

ಬೈಯುತ್ತಾಳೆ ಎಂದುಕೊಂಡೆ. “ಯಾಕ ಹೋಗಿದ್ದಿ ಅಲ್ಲಿ?” ಎಂದಳು, ಸಣ್ಣ ದನಿಯಲ್ಲಿ. ಉತ್ತರ ಕೊಟ್ಟವಳು ಶಾಂತಮ್ಮ. “ನಿನ್ನ ಹುಡುಕಾಕ. ದಿನಾ ಹೋಗಿ ಬಾವಿ ನೀರು ನೋಡಿ ಬರ್ತಾರ.”

ಸ್ನೇಹಾ ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. ಮೂಗು ಒರೆಸಿಕೊಂಡಳು. ಮಷೀನು ಎದ್ದಿತ್ತು. ಕೋಟೆಯ ಹೊರಗೆ ಕಾಯುತ್ತಿದ್ದವರನ್ನು ಒಳಗೆ ಬಿಡಬೇಕಿತ್ತು.

“ಒಮ್ಮೆಲೇ ತಗೀಬ್ಯಾಡ,” ಎಂದೆ, ತಡೆಯಲಾರದೆ. “ಪೈಪ್ ಒಡೀತೈತಿ. ಒಂದೊಂದ ಸುತ್ತು ಬಿಡು.”

“ಅದನ್ನ ಮಾಡಾಕತ್ತೀನಿ ಮುತ್ಯಾ. ಸಾಲು ಹಚ್ಚಿ, ಸ್ವಲ್ಪ ಸ್ವಲ್ಪ ಬಿಡ್ತೀನಿ. ನೀ ಎಣಸು.”

ಅವಳು ಒತ್ತಿದಳು. ನಾನು ಎಣಿಸಿದೆ. ಒಂದು. ಎರಡು. ಮೂರು. ನನ್ನ ಕೈ ತಾನಾಗಿ ಗಾಳಿಯಲ್ಲಿ ಚಾವಿ ತಿರುವುತ್ತಿತ್ತು. ಹದಿನಾಲ್ಕಕ್ಕೆ ಅವಳು ಪರದೆಗೆ ಕಿವಿ ಹಚ್ಚಿದಳು, ತಮಾಷೆಗೆ. “ಬಂತು ಮುತ್ಯಾ!”

ಹೋಳಿಗೆ ಆರಿ ಹಪ್ಪಳವಾಗಿತ್ತು. ಅವಳ ಎರಡೂ ಕೈ ಕೆಲಸದಲ್ಲಿದ್ದುದರಿಂದ ಶಾಂತಮ್ಮ ಮುರಿದು ಮುರಿದು ಬಾಯಿಗಿಟ್ಟಳು. ಅಷ್ಟರಲ್ಲಿ ಆಫೀಸಿನಿಂದ ಕರೆ, ತಕ್ಷಣ ಬರಬೇಕಂತೆ, ಬಿದ್ದದ್ದು ಯಾಕೆಂದು ವರದಿ ಕೊಡಲು. ಸಂಜೆ ತನಕ ಇರಬೇಕಾದವಳು ಎರಡೂವರೆಗೆ ಎದ್ದಳು. ನನ್ನ ಭಾಷಣದ ಫಲ!

“ಒಂದು ಮಾತು ಮುತ್ಯಾ. ಅಡ್ಮಿನ್ ಹೆಸರು ಹೇಳಿ ಮಂದಿ ಕೂಡಿಸಿದವರನ್ನ ಮೂವತ್ತು ದಿನ ಹೊರಗ ಹಾಕಬೇಕು. ನಿಯಮ ಐತಿ.”

“ಸ್ವಂತ ಮುತ್ಯಾಗೂ?”

“ಮುಲಾಜಿಲ್ಲ ಅಂತ ನೀನ ಕಲಿಸೀದಿ.”

ನನ್ನ ಕಣ್ಣೆದುರೇ ಒತ್ತಿದಳು. ಶಾಂತಮ್ಮ ಮೂರು ತಿಂಗಳಲ್ಲಿ ಮೊದಲ ಬಾರಿ ಮನಸಾರೆ ನಕ್ಕಳು. “ನನ್ನ ತಮ್ಮನ ಕನೆಕ್ಷನ್ ಕಿತ್ತಿದ್ರಲ್ಲ! ದೇವರು ಅದಾನ ನೋಡ್ರಿ!”

ಮೆಟ್ಟಿಲು ಇಳಿಯುತ್ತ ಸ್ನೇಹಾ ತಿರುಗಿ ಕೂಗಿದಳು. “ಬರೋ ಭಾನುವಾರ ಬರ್ತೀನಿ. ಆದ್ರ ನೀ ನನಗ ಸಹಾಯ ಮಾಡಬ್ಯಾಡ!”

ಬರೋ ಭಾನುವಾರ ಬರಲಾಗಲಿಲ್ಲ. ಕೋಟೆಯಲ್ಲಿ ಏನೋ ಹಬ್ಬವಂತೆ. ಇರಲಿ. ನಾನು ಈಗಲೂ ಬೆಳಿಗ್ಗೆ ಚಹಾ ಕುಡಿದು ಆಟ ಒತ್ತುತ್ತೇನೆ. ಬಾಗಿಲು ತೆರೆಯುವುದಿಲ್ಲ. ಒಂದು ಕೆಂಪು ಚೀಟಿ ಬರುತ್ತದೆ. ನನಗೆ ಓದಲು ಬರಲಿ ಎಂದು ಕನ್ನಡದಲ್ಲೇ ಬರೆದಿದ್ದಾಳೆ: “ಕಾರಣ: ಬಾವಿ ಹತ್ತಿರ ಊರು ಕೂಡಿಸಿದ್ದು. ಇಂತಿ, ನೀರು ಬಿಡುವವಳು, ಸ್ನೇಹಾ.”

ಹದಿನೇಳು ಸಲ ಸತ್ತರೂ ಕೋಟೆಯೊಳಗೆ ಸಿಗದವಳು, ಹೊರಗೆ ಹಾಕಿಸಿಕೊಂಡ ಮೇಲೆ ಬಾಗಿಲಲ್ಲೇ ಸಿಗುತ್ತಾಳೆ. ದಿನಕ್ಕೆ ನಾಲ್ಕು ಸಲ ಓದುತ್ತೇನೆ. “ಮಂದಿ ಮುಂಜಾನೆದ್ದು ದೇವರ ಹೆಸರು ಓದ್ತಾರ, ನೀವು ಬೈಸ್ಕೊಂಡಿದ್ದು ಓದ್ತೀರಿ!” ಎನ್ನುತ್ತಾಳೆ ಶಾಂತಮ್ಮ. ಎಂದು, ತಾನೂ ಬಗ್ಗಿ ನೋಡುತ್ತಾಳೆ.

ಮೂವತ್ತರಲ್ಲಿ ಹನ್ನೊಂದು ದಿನ ಕಳೆದಿವೆ. ಪೂರ್ತಿ ಕಳೆದರೆ ಚೀಟಿ ಹೋಗಿಬಿಡುತ್ತದಂತೆ. ಅಷ್ಟರೊಳಗೆ ಅವಳು ಬರದಿದ್ದರೆ ಏನು ಗತಿ? ಇನ್ನೊಂದು ಸಭೆ ಕರೆಯಬೇಕಾದೀತು!