ಕರೀ ಮರಿಗಳ ಉಪಚಾರ

ಮಕ್ಕಳೇ, ನಾನು ಬಾಯಿ ಸತ್ತವಳು. ಈ ಮಾತನ್ನು ನಮ್ಮತ್ತೆ ಬೈಗುಳವಾಗಿ ಹೇಳುತ್ತಿದ್ದರು, ನಿಮ್ಮಜ್ಜ ಹೊಗಳಿಕೆಯಾಗಿ ಹೇಳುತ್ತಿದ್ದರು. ಬಸ್ಸು ನನ್ನೂರು ದಾಟಿದರೂ ಕಂಡಕ್ಟರನನ್ನು ಕೇಳಲಾರದೆ, ಮುಂದಿನ ಊರಲ್ಲಿ ಇಳಿದು ನಡೆದು ಬಂದವಳು ನಾನು. ಅಂಥವಳನ್ನು ನಿಮ್ಮಪ್ಪ ಬಾರಾಮತಿ ಹೊಲದ ಹೊಂಡಕ್ಕೆ ಕಾವಲು ಇಟ್ಟ. "ಅವ್ವಾ, ಎಂಟು ದಿನ ಮೀನಮರಿ ನೋಡ್ಕೊ. ಎರಡೂ ಹೊತ್ತು ಹಿಂಡಿ ಹಾಕು. ಹೋದ ಸಲದ್ದು ಎಲ್ಲಾ ಸತ್ತಾವ. ಇವೂ ಉಳೀಲಿಲ್ಲಂದ್ರ ಹೊಂಡಾನ ಮುಚ್ಚಿಬಿಡ್ತೀನಿ" ಎಂದು ಹೇಳಿ ಪುಣೆಗೆ, ನಿಮ್ಮ ಹತ್ತಿರ, ಬಂದುಬಿಟ್ಟ. ಮೀನಿನ ವಾಸನೆಗೇ ಸೆರಗು ಮೂಗಿಗೆ ಹಿಡಿಯುವ ಮನೆತನ ನಮ್ಮದು. ಆದರೂ ಒಲ್ಲೆ ಎನ್ನಲು ಬಾಯಿ ಬೇಕಲ್ಲ.

ಎರಡನೆಯ ದಿನ ದಂಡೆಯ ಹಸಿರು ನೀರಿನಲ್ಲಿ ದಪ್ಪ ತಲೆಯ ಕರೀ ಮರಿಗಳು ಕಂಡವು. ಪಕ್ಕದ ಹೊಲದ ಸುಮನ್‌ತಾಯಿಗೆ, ಅಲ್ಲಿ ತಾಯಿ ಎಂದರೆ ಅಕ್ಕ, ಬೆರಳು ಮಾಡಿ ತೋರಿಸಿದೆ. "ಬೆಡೂಕಮಾಸಾ, ಆಜೀ!" ಎಂದಳು. ನನಗೆ ಬರುವ ಹತ್ತಿಪ್ಪತ್ತು ಮರಾಠಿ ಶಬ್ದಗಳಲ್ಲಿ ಮಾಸಾ ಎಂದರೆ ಮೀನು ಎಂಬುದೂ ಒಂದು. ಬೆಡೂಕ ಎಂದರೇನೆಂದು ಕೇಳಬೇಕಿತ್ತು. ನಾಚಿಕೆ. ಮೀನಿನದೇ ಯಾವುದೋ ಜಾತಿ ಇರಬೇಕೆಂದು ತಲೆಯಾಡಿಸಿದೆ. ಅಷ್ಟಕ್ಕೇ ಬಿಡದೆ, ಮೈತುಂಬಿಕೊಂಡ ಆ ಕರಿಯವುಗಳ ಮೇಲೆ ಮಮತೆ ಹುಟ್ಟಿ ಒಂದು ಹಿಡಿ ಹಿಂಡಿ ಹೆಚ್ಚಿಗೆ ಹಾಕತೊಡಗಿದೆ. ಅವು ಉಬ್ಬಿದವು. ಬೆಳ್ಳಿ ಸೂಜಿಯಂಥ ಮೀನಮರಿಗಳು ಕಡಿಮೆಯಾದವು. ಕೊಕ್ಕರೆಯ ಮೇಲೆ ಅನುಮಾನ ಬಂದು ದಿನವಿಡೀ ಕೋಲು ಹಿಡಿದು ಕೂತೆ. ಕೊಕ್ಕರೆ ಬರಲೇ ಇಲ್ಲ. ಮೀನಮರಿಗಳು ಮಾತ್ರ ಕರಗುತ್ತಲೇ ಇದ್ದವು. ನನಗೆ ಊಟ ಇಳಿಯದಾಯಿತು.

ಎಂಟನೆಯ ದಿನ, ನಿಮ್ಮಪ್ಪ ಸಂಜೆಗೆ ಬರುವವನಿದ್ದ. ಬೆಳಿಗ್ಗೆ ನೋಡುತ್ತೇನೆ, ಕರಿಯದೊಂದು ಮೀನಮರಿಯ ಬಾಲ ಕಚ್ಚಿ ಜಗ್ಗುತ್ತಿದೆ! ಓಡಿಹೋಗಿ ಸುಮನ್‌ತಾಯಿಯ ಕೈ ಹಿಡಿದು, "ಬೆಡೂಕ ಅಂದ್ರ ಕಾಯ?" ಎಂದು ಕೊನೆಗೂ ಕೇಳಿದೆ. ಆಕೆ ಕುಕ್ಕರಗಾಲಿನಲ್ಲಿ ಕೂತು, ಗಲ್ಲ ಉಬ್ಬಿಸಿ, "ಡರಾಂವ್, ಡರಾಂವ್" ಎಂದು ಎರಡು ಸಲ ಕುಪ್ಪಳಿಸಿದಳು.

ಕಪ್ಪೆ! ಊರ ಬಾವಿಯಲ್ಲಿ ಗೊದಮೊಟ್ಟೆಗಳನ್ನು ಸರಿಸಿ ಸರಿಸಿ ಕೊಡ ತುಂಬಿದವಳು, ಈಗ ಮಾಸಾ ಎಂಬ ಮಾತೊಂದನ್ನೇ ನಂಬಿ ಅವಕ್ಕೆ ಹಿಂಡಿ ತಿನ್ನಿಸಿ, ಮೇಲೆ ಮೀನಮರಿಯ ಎಡೆಯನ್ನೂ ಇಟ್ಟಿದ್ದೆ. ನನ್ನ ಹಳೆಯ ಸೀರೆಯ ಒಂದು ತುದಿ ಅವಳು, ಇನ್ನೊಂದು ನಾನು ಹಿಡಿದು ದಂಡೆಗುಂಟ ಎಳೆದೆವು. ಬೆಳ್ಳಗಿದ್ದದ್ದು ಹೊಂಡಕ್ಕೆ, ಕರಿಯದು ಬಕೆಟ್ಟಿಗೆ. ಹೊತ್ತು ಇಳಿಯುವವರೆಗೂ ಸೊಂಟ ಎತ್ತಲಿಲ್ಲ.

ನಿಮ್ಮಪ್ಪ ಬಂದು ನೀರು ನೋಡಿದ, ಬಕೆಟ್ಟು ನೋಡಿದ, ನನ್ನ ಒದ್ದೆ ಸೀರೆ ನೋಡಿದ.

"ಅರ್ಧಾ ಉಳದಾವ. ಹೊಂಡ ಮುಚ್ಚೂದಿಲ್ಲ ಬಿಡು. ಆದ್ರ ಅವ್ವಾ, ಮೊದಲ ಕೇಳಬಾರದಾಗಿತ್ತೇನ?"

"ಕೇಳಿದ್ನೆಪಾ," ಎಂದೆ. "ಅರ್ಧಾ ಕೇಳಿದೆ."

ಜನ್ಮದಲ್ಲಿ ಒಂದೂ ಮೀನು ಬಾಯಿಗಿಟ್ಟವಳಲ್ಲ ನಾನು. ನನ್ನ ಬಾಯಿ ಸತ್ತದ್ದಕ್ಕೆ ಎಷ್ಟು ಮೀನು ಸತ್ತವು, ನೀವೇ ನೋಡಿ.